ಟೆಸ್ಟ್ ಇಲ್ಲದಿದ್ದರೆ ಜನ ಹಾಲಿಗೆ ನೀರು ಹಾಕಲ್ವಾ?

ಡೈರಿ ಸೆಕ್ರೆಟರಿ ಕೆಲಸ ಬಿಟ್ಟು ನಾಲ್ಕು ವರ್ಷ ಆಯಿತು. ಆದರೂ ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೂ, ಹಾಸನದ ಬಸ್‌ಸ್ಟ್ಯಾಂಡಲ್ಲಿ ನಿಂತರೂ ಯಾರಾದರೂ ಒಬ್ಬರು ಇದನ್ನೇ ಕೇಳುತ್ತಾರೆ. ಟೆಸ್ಟು, ದಂಡ ಏನೂ ಇಲ್ಲದೆ ಜನರನ್ನ ಅವರ ಮನಸ್ಸಾಕ್ಷಿಗೆ ಬಿಟ್ಟುಬಿಟ್ಟರೆ ನೆಟ್ಟಗಿರ್ತಾರಾ? ಕಾಲೇಜಿಗೆ ಹೋಗುವ ಮಗಳದ್ದೂ ಅದೇ ಪ್ರಶ್ನೆ, ಮಾತು ಮಾತ್ರ ಸ್ವಲ್ಪ ದೊಡ್ಡದು. ಸರಿ ಯಾವುದು ತಪ್ಪು ಯಾವುದು ಅಂತ ತೀರ್ಮಾನ ಮಾಡೋ ಸ್ವಾತಂತ್ರ್ಯ ಮನುಷ್ಯರಿಗೆ ಕೊಡಬಹುದಾ ಅಪ್ಪ, ಇಲ್ಲಾ ಬರೆದಿಟ್ಟ ನಿಯಮಾನೇ ವಾಸಿನಾ?

ಕೊಡಬಹುದು. ಆದರೆ ತೀರ್ಮಾನ ಮಾಡುವವನು ಕೊಟ್ಟಿಗೆವರೆಗೂ ನಡೆದು ಹೋಗಬೇಕು. ನನ್ನ ಉತ್ತರ ಇಷ್ಟೇ. ಯಾಕೆ ಅಂತ ಹೇಳಬೇಕಾದರೆ ಹಾಲಿನ ವಿಷಯಕ್ಕೇ ಬರಬೇಕು.

ನಮ್ಮದು ಚನ್ನರಾಯಪಟ್ಟಣ ತಾಲೂಕಿನ ಸಣ್ಣ ಊರು. ಡೈರಿಗೆ ಹಾಲು ಹಾಕುವವರು ಎಂಬತ್ತು ಮನೆಯವರು. ಮೊದಲು ಇದ್ದದ್ದು ಲ್ಯಾಕ್ಟೋಮೀಟರ್ ಒಂದೇ, ಹಾಲಲ್ಲಿ ತೇಲುವ ಗಾಜಿನ ಕಡ್ಡಿ. ನೀರು ಬೆರೆಸಿದರೆ ಹಾಲು ತೆಳ್ಳಗಾಗಿ ಕಡ್ಡಿ ಮುಳುಗುತ್ತೆ, ಕಳ್ಳ ಸಿಕ್ಕಿಬೀಳ್ತಾನೆ. ಸಿಕ್ಕಿಬೀಳಬೇಕು. ಆದರೆ ಕೆನೆ ಹಾಲಿಗಿಂತ ಹಗುರ ಅಲ್ವಾ, ಕೆನೆ ತೆಗೆದ ಹಾಲಲ್ಲಿ ಕಡ್ಡಿ ಮೇಲೇಳುತ್ತೆ. ಆಮೇಲೆ ಹದ ನೋಡಿ ನೀರು ಹಾಕಿದರೆ ಕಡ್ಡಿ ಸರಿಯಾದ ಗುರುತಿಗೇ ಬಂದು ನಿಲ್ಲುತ್ತೆ! ಕೆನೆಯೂ ಮನೆಯಲ್ಲಿ, ದುಡ್ಡೂ ಕೈಯಲ್ಲಿ. ಇದನ್ನ ಹಿಡಿಯೋಕೆ ಫ್ಯಾಟ್ ಟೆಸ್ಟ್ ಬಂತು. ಆಮೇಲೆ ಎಸ್‌ಎನ್‌ಎಫ್ ಲೆಕ್ಕ ಬಂತು, ಅಂದರೆ ಕೊಬ್ಬು ಬಿಟ್ಟು ಹಾಲಲ್ಲಿ ಇರಬೇಕಾದ ಗಟ್ಟಿ ಪದಾರ್ಥ. ನಮ್ಮಲ್ಲಿ ಆಗ ಅದು ನೂರಕ್ಕೆ 8.5 ಬರಲೇಬೇಕಿತ್ತು. ಅದನ್ನ ಏರಿಸೋಕೆ ಕೆಲವರು ಸಕ್ಕರೆ ಹಾಕಿದರು, ಉಪ್ಪು ಹಾಕಿದರು. ಅದಕ್ಕೆ ಇನ್ನೊಂದು ಟೆಸ್ಟ್. ಒಂದೊಂದು ನಿಯಮ ಬಂದಾಗಲೂ ಕಳ್ಳತನ ಒಂದು ಕ್ಲಾಸ್ ಪಾಸಾಗಿ ಮುಂದಕ್ಕೆ ಹೋಯಿತು. ನಿಯತ್ತಿನವರು ಮಾತ್ರ ಇದ್ದಲ್ಲೇ ಇದ್ದರು, ಯಾಕೆಂದರೆ ಅವರಿಗೆ ಇದು ಯಾವುದೂ ಬೇಕಾಗಿರಲಿಲ್ಲ.

ಹಾಗಂತ ಅವರು ಸುಖವಾಗಿದ್ದರಾ? ಅದೂ ಇಲ್ಲ. ಬೇಸಿಗೆಯಲ್ಲಿ ಹಸಿ ಮೇವು ಮುಗಿದು ಬರೀ ರಾಗಿ ಹುಲ್ಲು ತಿನ್ನುವ ಹಸುವಿನ ಹಾಲಲ್ಲಿ, ಒಂದು ತೊಟ್ಟು ನೀರು ಹಾಕದಿದ್ದರೂ 8.5 ಬರದೆ ಹೋಗಬಹುದು. ಒಂದು ಏಪ್ರಿಲಲ್ಲಿ ಕೆರೆ ಏರಿ ಆಚೆಯಿಂದ ಬರುವ ಅಜ್ಜಿಯ ಹಾಲು 8.1 ತೋರಿಸಿತು. ಒಂದೇ ಹಸು, ಮೂರು ಲೀಟರ್ ಹಾಲು. ನಿಯಮದ ಪ್ರಕಾರ ವಾಪಸ್ ಕಳಿಸಬೇಕು. ನಾನು ಸುಮ್ನೆ ಸುರಿದುಕೊಂಡೆ. ಹಿಂದಿನ ಸಂಜೆ ತಾನೇ ಆ ಹಸುವಿನ ಪಕ್ಕೆಲುಬು ಎಣಿಸಬಹುದಾದಷ್ಟು ಹತ್ತಿರದಿಂದ ನೋಡಿದ್ದೆ.

ಮಾರನೇ ದಿನ ನಾಲ್ಕು ಹಸು ಇರುವ ಒಬ್ಬರ ಹಾಲೂ 8.1 ಬಂತು. ಆಗಲ್ಲ ಅಂದೆ. "ಅಜ್ಜಿಗೊಂದು ನ್ಯಾಯ, ನಮಗೊಂದು ನ್ಯಾಯನಾ ಸೆಕ್ರೆಟ್ರಿ?" ಅಂತ ಸಾಲಲ್ಲಿ ನಿಂತವರೆಲ್ಲ ಕೇಳುವ ಹಾಗೆ ಕೂಗಿದರು. ಅಜ್ಜಿ ಹಸು ನೋಡಿದ್ದೀನಿ ಅಂದೆ. "ನಂದೂ ಬಂದು ನೋಡಿ ಹಂಗಾದ್ರೆ." ಹೋದೆ, ಸ್ವಲ್ಪ ಸಿಟ್ಟಲ್ಲೇ, ಈ ಮನುಷ್ಯ ನೀರು ಹಾಕಿದ್ದಾನೆ ಅಂತ ಮನಸ್ಸಲ್ಲಿ ಆಗಲೇ ತೀರ್ಪು ಬರೆದುಕೊಂಡು. ನೋಡಿದರೆ ಎರಡು ಹಸುವಿಗೆ ಕೆಚ್ಚಲು ಬಾವು. ಮುಟ್ಟಿದರೆ ಒದೆಯುತ್ತಿದ್ದವು, ಒಂದರ ಮೊಲೆಯಿಂದ ಗರಣೆ ಗರಣೆಯಾಗಿ ಹಾಲು ಬಂತು. ಆ ಹಾಲನ್ನ ಡೈರಿಗೆ ತಗೊಳ್ಳೋ ಹಾಗಿಲ್ಲ, ತಗೊಳ್ಳಲೂ ಇಲ್ಲ. ಪಶು ವೈದ್ಯರಿಗೆ ಫೋನ್ ಮಾಡಿಕೊಟ್ಟೆ. ಹಾಲು ವಾಪಸ್ ಹೋದದ್ದು ನಿಯಮ ಹೇಳಿದ ಹಾಗೇ, ಆದರೆ ಆ ಮನೆಯವರು ಊರ ಬಾಯಲ್ಲಿ ಕಳ್ಳರಾಗಲಿಲ್ಲ. ನಾನು ಕಾಲು ಸವೆಸದೆ ಇದ್ದಿದ್ದರೆ ಆಗುತ್ತಿದ್ದರು.

ನಿಯಮ ಬೇಡ ಸ್ವಾತಂತ್ರ್ಯ ಬೇಕು ಅನ್ನುವವರು ಸಾಮಾನ್ಯವಾಗಿ ಅದು ಸಲೀಸು ಅಂದುಕೊಂಡಿರುತ್ತಾರೆ. ಸಲೀಸಾಗಿರುವುದು ನಿಯಮ ಸ್ವಾಮಿ, ಕುರ್ಚಿ ಬಿಟ್ಟು ಏಳಬೇಕಾಗಿಲ್ಲ.

ದಂಡ ಹಾಕಿ ಅಂತ ಕಮಿಟಿಯವರು ಒಂದು ವರ್ಷ ಹಟ ಹಿಡಿದರು. ಹಾಕಿದೆವು. ಅದಕ್ಕೆ ಮೊದಲು, ನೀರು ಹಾಕಿ ಸಿಕ್ಕಿಬಿದ್ದವರು ಒಂದು ವಾರ ಡೈರಿ ಕಡೆ ತಲೆ ಹಾಕುತ್ತಿರಲಿಲ್ಲ, ಹೆಂಡತಿ ಕೈಯಲ್ಲೋ ಮಕ್ಕಳ ಕೈಯಲ್ಲೋ ಕ್ಯಾನ್ ಕಳಿಸುತ್ತಿದ್ದರು. ದಂಡ ಬಂದ ಮೇಲೆ "ಕಟ್ಟಿದ್ದೀನಲ್ಲ, ಇನ್ನೇನು?" ಅಂತ ಎದೆ ಉಬ್ಬಿಸಿ ನಿಂತರು. ಇಸ್ರೇಲಿನ ಹೈಫಾ ಊರಿನ ಶಿಶುವಿಹಾರಗಳಲ್ಲೂ ಇಂಥದ್ದೇ ಆಗಿತ್ತು. ಮಕ್ಕಳನ್ನ ಕರೆದುಕೊಂಡು ಹೋಗೋಕೆ ಲೇಟಾಗಿ ಬರುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿದರೆ ಲೇಟು ಕಡಿಮೆ ಆಗುವ ಬದಲು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಇದು 2000ದಲ್ಲಿ ಪ್ರಕಟವಾದ ಅಧ್ಯಯನ. ನಾಚಿಕೆ ಇದ್ದ ಜಾಗದಲ್ಲಿ ರೇಟ್ ಬಂದು ಕೂತುಬಿಟ್ಟಿತ್ತು. (ನಮ್ಮೂರಲ್ಲಿ ದಂಡಕ್ಕಿಂತ, ಲ್ಯಾಕ್ಟೋಮೀಟರಿಗಿಂತ ಜಾಸ್ತಿ ಕೆಲಸ ಮಾಡಿದ್ದು "ಧರ್ಮಸ್ಥಳಕ್ಕೆ ಬಂದು ಆಣೆ ಮಾಡ್ತೀಯಾ?" ಅನ್ನೋ ಮಾತು. ಅದನ್ನ ನಾನು ಇಲ್ಲಿ ಎಳೆದು ತರಲ್ಲ, ಅದರ ಲೆಕ್ಕವೇ ಬೇರೆ.)

ಇಷ್ಟು ಹೇಳಿದ ಮೇಲೆ ನನ್ನದೂ ಒಂದು ಹೇಳಿಬಿಡಬೇಕು. ನನ್ನ ಷಡ್ಡಕನ ಹಾಲು ಹತ್ತಾರು ಸಲ ಕಡಿಮೆ ಬಂದಿದೆ. ಹತ್ತಾರು ಸಲವೂ ಸುರಿದುಕೊಂಡಿದ್ದೀನಿ. ಅವನ ಕೊಟ್ಟಿಗೆಗೆ ಮಾತ್ರ ಒಂದು ದಿನವೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಹಾಗಾಗಿ ಹಾಲು ಟೆಸ್ಟ್ ಮಾಡಿ ತಾನೇ ಸ್ಲಿಪ್ ಪ್ರಿಂಟ್ ಮಾಡುವ ಮಿಷನ್ ಬಂದಾಗ ಬೇಜಾರಿಗಿಂತ ಸಮಾಧಾನವೇ ಜಾಸ್ತಿ ಆಯಿತು. ಮಿಷನ್ನಿಗೆ ಷಡ್ಡಕ ಇಲ್ಲ.

ಹಾಲು ಟ್ಯಾಂಕರ್ ಹತ್ತಿದ ಮೇಲಂತೂ ನನ್ನ ವಾದ ನಡೆಯಲ್ಲ. ಎಷ್ಟೋ ಊರಿನ ಹಾಲು ಒಟ್ಟಿಗೆ ಬೆರೆತು ಹೋಗುತ್ತೆ, ಕುಡಿಯುವ ಮಗು ಎಲ್ಲಿದೆಯೋ ಏನೋ. ಯಾರೂ ಯಾರ ಕೊಟ್ಟಿಗೆಗೂ ಹೋಗೋಕಾಗಲ್ಲ. ಅಲ್ಲಿ ನಿಯಮವೇ ಇರಲಿ, ಕಟ್ಟುನಿಟ್ಟಾಗೇ ಇರಲಿ. ಆದರೆ ಕಟ್ಟುನಿಟ್ಟು ಅಂದರೆ ಎಲ್ಲರಿಗೂ ಒಂದೇ ಭಾರ ಅಂತಲ್ಲ. ನಮ್ಮ ತಾಲೂಕಿನ ಶ್ರವಣಬೆಳಗೊಳದಲ್ಲಿ ಬೆಟ್ಟದ ಮೇಲೆ ನಿಂತಿರುವವನ ಧರ್ಮದಷ್ಟು ಕಠಿಣವಾದದ್ದು ಇನ್ನೊಂದಿಲ್ಲ ಅಂತಾರೆ. ಅಲ್ಲೂ ಕದಿಯಬಾರದು, ಸುಳ್ಳು ಹೇಳಬಾರದು ಅನ್ನುವ ಅವೇ ಐದು ವ್ರತ ಮುನಿಗಳಿಗೆ ಮಹಾವ್ರತ, ಸಂಸಾರಸ್ಥರಿಗೆ ಅಣುವ್ರತ. ವ್ರತ ಅದೇ, ಹೊರುವವನ ಹೆಗಲು ನೋಡಿ ಭಾರ. ಅದನ್ನ ಮಾಡಿದವರು ಮನುಷ್ಯರನ್ನ ಚೆನ್ನಾಗಿ ನೋಡಿದ್ದರು ಅನಿಸುತ್ತೆ.

ಮಿಷನ್ ಬಂದ ವರ್ಷವೇ, ಒಂದು ಮಳೆಗಾಲದ ಬೆಳಿಗ್ಗೆ, ಅದೇ ಅಜ್ಜಿ ಕ್ಯಾನ್ ಇಟ್ಟು, "ಇವತ್ತು ತಗಬ್ಯಾಡ ಕಣಪ್ಪ, ಹೆಂಚು ಸೋರಿ ನೀರು ಬಿದ್ದೈತೆ" ಅಂದರು. ಇರಲಿ ನೋಡೋಣ ಅಂತ ಸ್ಯಾಂಪಲ್ ಹಾಕಿದೆ. 8.6 ಬಂತು. ಪಾಸಾಯಿತು ಅಜ್ಜಿ, ಕೊಡಿ ಅಂದೆ.

"ಮಿಸನ್ನಿಗೇನು ಗೊತ್ತು? ನೀರು ಬಿದ್ದಿದ್ದು ನಾನು ನೋಡಿವ್ನಿ" ಅಂದು, ಮನೇಲೇ ಹೆಪ್ಪು ಹಾಕ್ತೀನಿ ಅಂತ ಕ್ಯಾನ್ ಎತ್ತಿಕೊಂಡು ಕೆರೆ ಏರಿ ಕಡೆ ಹೊರಟರು.