ಬಾಟಲಿ ಮೇಲೆ ಎಂಆರ್‌ಪಿ ಇಲ್ಲದ ನಾಡಿನಲ್ಲಿ: ಕೆಂಟಕಿಯ ಬರ್ಬನ್ ಹುಡುಕಾಟ

ಭಾವ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಂದೆ, ಹಿಂದೆ, ಕೊನೆಗೆ ತಳ. "ಎಂಆರ್‌ಪಿ ಎಲ್ಲಿ ಹಾಕಿದಾರೆ ಮಾರಾಯ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲಿ ಎಂಆರ್‌ಪಿ ಅನ್ನೋದೇ ಇಲ್ಲ ಭಾವ. ಅಂಗಡಿಯವರು ಹೇಳಿದ್ದೇ ರೇಟು."

ಅವರ ಕೈಯಲ್ಲಿ ಇದ್ದದ್ದು ಬ್ಲಾಂಟನ್ಸ್, ಸುಲಭಕ್ಕೆ ಸಿಗದ ಒಂದು ಬರ್ಬನ್. ಬರ್ಬನ್ ಅಂದರೆ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. ಅಮೆರಿಕದ ಕೆಂಟಕಿ ರಾಜ್ಯದ ಗಡಿ ದಾಟಿದ ಮೇಲೆ ದಾರಿಯಲ್ಲಿ ಸಿಕ್ಕ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿತ್ತು. ಕೆಳಗೆ ಚೀಟಿ: 189 ಡಾಲರ್. ನಾನು ವಾಪಸ್ ಇಡಿಸಿದೆ. ಹಿಂದಿನ ವರ್ಷ ಇದೇ ಬಾಟಲಿಗೆ 180 ಡಾಲರ್ ಕೊಟ್ಟಿದ್ದೆ. ತಿಂಗಳು ಕಳೆದ ಮೇಲೆ ಅದನ್ನೇ ಅರ್ಧಕ್ಕಿಂತ ಕಡಿಮೆ ಬೆಲೆಗೆ ನೋಡಿದಾಗ ಹೊಟ್ಟೆ ಉರಿದಿತ್ತು. ಆವತ್ತೇ ತೀರ್ಮಾನ ಮಾಡಿದ್ದೆ. ಇನ್ನು ಹುಡುಕೋದಾದರೆ ಬೆಲೆಗೆ ಒಂದು ಲೆಕ್ಕ ಇರುವ ಕಡೆ ಮಾತ್ರ.

ಶಿವಮೊಗ್ಗದಿಂದ ಬಂದ ಭಾವನಿಗೆ ಇದು ವಿಚಿತ್ರ ಅನ್ನಿಸಿದ್ದು ಸಹಜ. ನಮ್ಮ ಕಡೆ ಬಾಟಲಿ ಕೊಳ್ಳುವ ಅಂಗಡಿಗೇ ಎಂಆರ್‌ಪಿ ಅಂತ ಹೆಸರು. ಅಮೆರಿಕದಲ್ಲಿ ಕಂಪನಿ ಇಷ್ಟಕ್ಕೆ ಮಾರಿ ಅಂತ ಒಂದು ಬೆಲೆ ಸೂಚಿಸುತ್ತದೆ, ಅಷ್ಟೇ. ಅದನ್ನು ಎಂಎಸ್‌ಆರ್‌ಪಿ ಅನ್ನುತ್ತಾರೆ. ಬಹಳಷ್ಟು ರಾಜ್ಯಗಳಲ್ಲಿ ಅಂಗಡಿಯವರು ಅದನ್ನು ಪಾಲಿಸಲೇಬೇಕು ಅಂತಿಲ್ಲ. 1933ರಲ್ಲಿ ಪಾನನಿಷೇಧ ಹೋದ ಮೇಲೆ ಬಂದ ಏರ್ಪಾಟಿನಲ್ಲಿ ತಯಾರಕರು ಬೇರೆ, ವಿತರಕರು ಬೇರೆ, ಅಂಗಡಿಯವರು ಬೇರೆ. ಸಿಗದ ಮಾಲು ಕೈಗೆ ಬಂದರೆ ಕೊನೆಯವರು ಎಷ್ಟು ಬೇಕಾದರೂ ಕೇಳಬಹುದು.

ಹಾಗಾದರೆ ನ್ಯಾಯವಾದ ಬೆಲೆ ಎಲ್ಲಿ ಸಿಗುತ್ತದೆ? ನನ್ನ ಅನುಭವದಲ್ಲಿ ಎರಡೇ ಕಡೆ. ಒಂದು, ತಯಾರಿಸುವ ಡಿಸ್ಟಿಲರಿಯ ಸ್ವಂತ ಗಿಫ್ಟ್ ಶಾಪ್. ಇನ್ನೊಂದು, ಸರ್ಕಾರವೇ ಬೆಲೆ ಗೊತ್ತುಮಾಡುವ ರಾಜ್ಯಗಳು. ನಾನಿರುವ ಒಹಾಯೋ ಎರಡನೆಯ ಪೈಕಿ, ಪಕ್ಕದ ಕೆಂಟಕಿ ಮೊದಲನೆಯದಕ್ಕೆ ಸ್ವರ್ಗ. ಒಹಾಯೋದ ಕೊಲಂಬಸ್‌ನಿಂದ ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಕಾರಿನಲ್ಲಿ ಮೂರು ಗಂಟೆ ಚಿಲ್ಲರೆ. ಅಕ್ಟೋಬರ್ ತಿಂಗಳ ಒಂದು ಬುಧವಾರ ಸಂಜೆ ಹೊರಟೆವು. ವಾರದ ಮಧ್ಯದಲ್ಲೇ ಹೋಗಿ. ಶನಿವಾರದ ಸಾಲು ಬೇರೆಯೇ ಕಥೆ.

ಗುರುವಾರ ಬೆಳಿಗ್ಗೆ 6.30ಕ್ಕೆ ಫ್ರಾಂಕ್‌ಫರ್ಟ್‌ನಲ್ಲಿ, ಬ್ಲಾಂಟನ್ಸ್ ತಯಾರಿಸುವ ಬಫಲೋ ಟ್ರೇಸ್ ಡಿಸ್ಟಿಲರಿ ಮುಂದೆ ಇದ್ದೆವು. ಗಿಫ್ಟ್ ಶಾಪ್ ತೆಗೆಯೋದು 9ಕ್ಕೆ. ಅಷ್ಟರಲ್ಲೇ ನಮ್ಮ ಮುಂದೆ ಮೂವತ್ತು ನಲವತ್ತು ಜನ. ಮಡಚುವ ಕುರ್ಚಿ, ಕಂಬಳಿ, ಫ್ಲಾಸ್ಕ್ ಎಲ್ಲ ತಂದಿದ್ದರು. ನಾವು ತಂದಿದ್ದು ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ, ಕಾಫಿ. ಚಳಿಯಲ್ಲಿ ನಿಂತು ತಿಂದ ಆ ಅವಲಕ್ಕಿಯ ರುಚಿ ಇನ್ನೂ ನೆನಪಿದೆ. ನೀವೂ ಏನಾದರೂ ತಿನ್ನಲು ತನ್ನಿ, ಹತ್ತಿರದಲ್ಲಿ ನಮ್ಮ ನಾಲಿಗೆಗೆ ಹಿಡಿಸುವಂಥದ್ದು ಸಿಗೋದು ಕಷ್ಟ.

ಗಾಳಿಯಲ್ಲಿ ಒಂದು ವಾಸನೆ ಇರುತ್ತದೆ. ಭಾವ ಮೂಗು ಎತ್ತಿ, "ಇಡ್ಲಿ ಹಿಟ್ಟು ಹುಳಿ ಬಂದಂಗಿದೆ ಅಲ್ವಾ?" ಎಂದರು. ಅವರು ಹೇಳಿದ್ದು ಸರಿ. ಮೆಕ್ಕೆಜೋಳ, ರೈ ಅನ್ನುವ ಧಾನ್ಯ, ಮಾಲ್ಟ್ ಮಾಡಿದ (ಮೊಳಕೆ ಬರಿಸಿ ಒಣಗಿಸಿದ) ಬಾರ್ಲಿ ಹುದುಗುವ ವಾಸನೆ ಅದು. ಹಿಂದಿನ ಸಲ ಬಟ್ಟಿ ಇಳಿಸಿ ಉಳಿದ ಹುಳಿ ತಿಳಿಯನ್ನು ಹೊಸ ಹಿಟ್ಟಿಗೆ ಸೇರಿಸುತ್ತಾರೆ. ಲೇಬಲ್ ಮೇಲೆ ಕಾಣುವ 'ಸೌರ್ ಮ್ಯಾಶ್' ಅಂದರೆ ಇದೇ. ಸುತ್ತಲಿನ ಗೋಡೆಗಳು, ಮರದ ತೊಗಟೆ ಎಲ್ಲ ಮಸಿ ಬಳಿದಂತೆ ಕಪ್ಪು. ಗೋದಾಮಿನಿಂದ ಆವಿಯಾಗುವ ಮದ್ಯವನ್ನೇ ನಂಬಿ ಬೆಳೆಯುವ ಒಂದು ಬೂಷ್ಟು ಅದು. ಪಕ್ಕದಲ್ಲೇ ಕೆಂಟಕಿ ನದಿ. 2025ರ ಏಪ್ರಿಲ್‌ನಲ್ಲಿ ಈ ನದಿ ಉಕ್ಕಿ ಡಿಸ್ಟಿಲರಿ ಒಳಗೇ ನೀರು ನುಗ್ಗಿತ್ತು.

ಇಲ್ಲಿಯ ನಿಯಮ ಮೊದಲೇ ತಿಳಿದುಕೊಳ್ಳಿ. ಬ್ಲಾಂಟನ್ಸ್, ಈಗಲ್ ರೇರ್, ಇ.ಎಚ್. ಟೇಲರ್, ವೆಲ್ಲರ್ ಅನ್ನುವ ಬರ್ಬನ್‌ಗಳು ಸರದಿಯ ಮೇಲೆ ಬರುತ್ತವೆ. ಇವತ್ತು ಇದ್ದದ್ದು ನಾಳೆ ಇರಲ್ಲ. ನಾವು ಹೋದಾಗ ಒಬ್ಬರಿಗೆ ಆ ಥರದ್ದು ಒಂದೇ ಬಾಟಲಿ. ಗುರುತಿನ ಚೀಟಿ ಸ್ಕ್ಯಾನ್ ಮಾಡುತ್ತಾರೆ. ಒಮ್ಮೆ ಕೊಂಡರೆ ಅದೇ ಬಾಟಲಿ ಮತ್ತೆ ಕೊಳ್ಳಲು 90 ದಿನ ಕಾಯಬೇಕು. ಊರಿಂದ ಬಂದವರು ಪಾಸ್‌ಪೋರ್ಟ್ ಮರೆಯಬೇಡಿ, ಫೋಟೋಕಾಪಿ ನಡೆಯಲ್ಲ. ವಯಸ್ಸು 21 ಆಗಿರಬೇಕು. ತಲೆ ಪೂರ್ತಿ ನರೆತ ಭಾವನನ್ನೂ ಬಿಡದೆ ಕೇಳಿದರು.

ಆ ದಿನ ನಮ್ಮ ಅದೃಷ್ಟಕ್ಕೆ ಬ್ಲಾಂಟನ್ಸೇ ಇತ್ತು. ಬೆಲೆ 70 ಡಾಲರಿನ ಆಸುಪಾಸು, ಮೇಲೆ 6 ಪರ್ಸೆಂಟ್ ತೆರಿಗೆ. ಹಿಂದಿನ ಸಂಜೆ 189 ಇದ್ದದ್ದು! ಭಾವ ಒಂದು, ನಾನೊಂದು. ಕಾರಿನಲ್ಲಿ ಕೂತು ಲೇಬಲ್ ಓದಿದೆವು. ಯಾವ ತಾರೀಖು ಪೀಪಾಯಿಯಿಂದ ತೆಗೆದದ್ದು, ಪೀಪಾಯಿಯ ನಂಬರ್ ಎಷ್ಟು, ಗೋದಾಮು 'ಎಚ್'ನ ಯಾವ ಅಟ್ಟಣಿಗೆ, ಎಲ್ಲ ಇದೆ. ಮುಚ್ಚಳದ ಮೇಲೆ ಓಡುವ ಕುದುರೆ, ಸವಾರ. ಒಟ್ಟು ಎಂಟು ಥರ ಮುಚ್ಚಳ, ಒಂದೊಂದರ ಮೇಲೂ ಹೆಸರಿನ ಒಂದೊಂದು ಅಕ್ಷರ. ಎಂಟೂ ಸಾಲಾಗಿಟ್ಟರೆ ಕುದುರೆ ಓಟ ಶುರುವಾಗಿ ಮುಗಿಯುವ ತನಕ ಕಾಣುತ್ತದೆ. ಸಾಲಿನಲ್ಲಿ ನಮ್ಮ ಮುಂದಿದ್ದವರಿಗೆ ಕೊನೆಯ 'ಎಸ್' ಒಂದೇ ಬಾಕಿ ಇತ್ತಂತೆ. 1984ರಲ್ಲಿ ಇಲ್ಲಿಯ ಬರ್ಬನ್ ತಯಾರಿಯ ಮುಖ್ಯಸ್ಥ ಎಲ್ಮರ್ ಟಿ. ಲೀ ಇದನ್ನು ತಂದಾಗ, ಒಂದೇ ಪೀಪಾಯಿಯ ಬರ್ಬನ್ನನ್ನು ಬೇರೆಯದರ ಜೊತೆ ಬೆರೆಸದೆ ಬಾಟಲಿಗೆ ತುಂಬಿ ಮಾರುವುದೇ ಹೊಸದು.

ಬಾಟಲಿ ಸಿಕ್ಕ ಕೂಡಲೇ ಹೊರಡಬೇಡಿ. ಒಳಗಿನ ಟೂರ್ ನಾವು ಹೋದಾಗ ಉಚಿತ, ಆದರೆ ಮೊದಲೇ ಬುಕ್ ಮಾಡಬೇಕು. ಗೋದಾಮಿನ ಒಳಗೆ ಒಮ್ಮೆ ನಿಂತರೆ ಈ ಬಾಟಲಿಗಳು ಯಾಕೆ ಅಪರೂಪ ಅನ್ನೋದು ತಾನೇ ತಿಳಿಯುತ್ತದೆ. ಬರ್ಬನ್‌ಗೆ ಕನಿಷ್ಠ 51 ಪರ್ಸೆಂಟ್ ಮೆಕ್ಕೆಜೋಳ ಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ ಬೇಕು. ಒಂದು ಪೀಪಾಯಿ ಅಂದರೆ ಸುಮಾರು 200 ಲೀಟರ್. ವರ್ಷ ವರ್ಷ ಅದರಲ್ಲಿ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಇವರು ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. 20 ವರ್ಷ ಕಾದ ಪೀಪಾಯಿಯಲ್ಲಿ ಉಳಿಯೋದು ತೀರಾ ಕಡಿಮೆ. ಇವತ್ತು ಜನ ಮುಗಿಬಿದ್ದರು ಅಂತ 15 ವರ್ಷದ ಬರ್ಬನ್ ನಾಳೆ ಹೆಚ್ಚಾಗಲ್ಲ, ಅದನ್ನು 15 ವರ್ಷದ ಹಿಂದೆಯೇ ತುಂಬಿರಬೇಕು. ಹಾಗಂತ ಒಟ್ಟಾರೆ ಬರ್ಬನ್‌ಗೆ ಬರ ಏನಿಲ್ಲ. ಕೆಂಟಕಿಯ ಜನಸಂಖ್ಯೆ ಸುಮಾರು 45 ಲಕ್ಷ, ಪೀಪಾಯಿಗಳು 1 ಕೋಟಿ 40 ಲಕ್ಷಕ್ಕೂ ಜಾಸ್ತಿ. ಬರ ಇರೋದು ಕೆಲವು ಹೆಸರುಗಳಿಗೆ ಮಾತ್ರ.

ಆ ಹೆಸರುಗಳಲ್ಲಿ ದೊಡ್ಡದು ಪ್ಯಾಪಿ ವ್ಯಾನ್ ವಿಂಕಲ್. ಜಾರ್ಜ್ ಟಿ. ಸ್ಟ್ಯಾಗ್ ಮುಂತಾದ ಬಾಟಲಿಗಳಿರುವ, ಬಫಲೋ ಟ್ರೇಸ್‌ನವರ ಆಂಟಿಕ್ ಕಲೆಕ್ಷನ್ ಕೂಡ ಅಷ್ಟೇ. ಇವಕ್ಕಾಗಿ ಕೆಂಟಕಿಗೆ ಹೋಗಬೇಡಿ, ನಾನು ಖಂಡಿತವಾಗಿ ಹೇಳುತ್ತೇನೆ. ಪ್ಯಾಪಿಯ 23 ವರ್ಷದ ಬಾಟಲಿಗೆ ಕಂಪನಿ ಸೂಚಿಸುವ ಬೆಲೆ ಕೆಲವು ನೂರು ಡಾಲರ್, ಹೊರಗೆ ಕೇಳೋದು ಸಾವಿರಗಳಲ್ಲಿ. ನ್ಯಾಯವಾದ ಬೆಲೆಗೆ ಬೇಕು ಅಂದರೆ ಲಾಟರಿ ಒಂದೇ ದಾರಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಫ್ರಾಂಕ್‌ಫರ್ಟ್‌ನಿಂದ ದಕ್ಷಿಣಕ್ಕೆ ಅರ್ಧ ಗಂಟೆಯೊಳಗೆ ಲಾರೆನ್ಸ್‌ಬರ್ಗ್. ಅಲ್ಲಿ ಫೋರ್ ರೋಸಸ್, ವೈಲ್ಡ್ ಟರ್ಕಿ ಎರಡೂ ಡಿಸ್ಟಿಲರಿ ಇವೆ. ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಖುಷಿ ಕೊಟ್ಟ ಬಾಟಲಿ ಫೋರ್ ರೋಸಸ್‌ನಲ್ಲಿ ಸಿಕ್ಕಿತು. ಅದಕ್ಕೆ ಸಾಲೂ ಇರಲಿಲ್ಲ. ಅವರು ಎರಡು ಬಗೆಯ ಧಾನ್ಯದ ಪಾಕ, ಐದು ಬಗೆಯ ಯೀಸ್ಟ್ ಸೇರಿಸಿ ಹತ್ತು ಥರ ಮಾಡುತ್ತಾರೆ. ನೀರು ಬೆರೆಸದೆ ಪೀಪಾಯಿಯಿಂದ ನೇರ ತುಂಬಿದ್ದು ಗಿಫ್ಟ್ ಶಾಪಿನಲ್ಲಿ ಸಿಗುತ್ತದೆ. ಅದರ ಮೇಲೆ ನಾಲ್ಕು ಅಕ್ಷರದ ಒಂದು ಗುರುತು ಇರುತ್ತದೆ, ಉದಾಹರಣೆಗೆ ಓ-ಬಿ-ಎಸ್-ವಿ. ಮೊದಲನೆಯದು, ಮೂರನೆಯದು ಬಿಟ್ಟುಬಿಡಿ, ಅವು ಬದಲಾಗಲ್ಲ. ಎರಡನೆಯದು 'ಬಿ' ಇದ್ದರೆ ರೈ ಜಾಸ್ತಿ, 35 ಪರ್ಸೆಂಟ್, ಮೆಣಸಿನ ಖಾರದ ಹಾಗೆ. 'ಇ' ಇದ್ದರೆ 20 ಪರ್ಸೆಂಟ್, ಮೆತ್ತಗೆ. ಕೊನೆಯದು ಯೀಸ್ಟ್. ಇದು ಗೊತ್ತಿದ್ದರೆ ಅಂಗಡಿಯಲ್ಲಿ ಯಾರನ್ನೂ ಕೇಳದೆ ನಿಮಗೆ ಹಿಡಿಸುವುದನ್ನು ಆರಿಸಬಹುದು.

ವೈಲ್ಡ್ ಟರ್ಕಿಯಲ್ಲಿ ಜಿಮ್ಮಿ ರಸೆಲ್ 1954ರಲ್ಲಿ ಕೆಲಸಕ್ಕೆ ಸೇರಿದವರು. ಅವರ ಹೆಸರಿನ ರಸೆಲ್ಸ್ ರಿಸರ್ವ್ ಸಿಂಗಲ್ ಬ್ಯಾರೆಲ್ (ಒಂದೇ ಪೀಪಾಯಿಯದು) ಸಿಕ್ಕರೆ ತೆಗೆದುಕೊಳ್ಳಿ. ಜನ ಅಷ್ಟಾಗಿ ಗಮನಿಸದ ಒಳ್ಳೆಯ ಮಾಲು ಅದು.

ಶುಕ್ರವಾರ ಬಾರ್ಡ್ಸ್‌ಟೌನ್. ಇಲ್ಲಿ ಹೆವನ್ ಹಿಲ್ ಡಿಸ್ಟಿಲರಿ ಇದೆ. 1996ರ ನವೆಂಬರ್‌ನಲ್ಲಿ ಬೆಂಕಿ ಬಿದ್ದು ಏಳು ಗೋದಾಮು, ಸುಮಾರು 90,000 ಪೀಪಾಯಿ ಸುಟ್ಟುಹೋದ ಜಾಗ. ಇವರ ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್, ಅಂದರೆ ನೀರು ಬೆರೆಸದೆ ತುಂಬಿದ್ದು, ವರ್ಷಕ್ಕೆ ಮೂರು ಸಲ ಬರುತ್ತದೆ. 'ಬಿ524' ಅಂತಿದ್ದರೆ ಆ ವರ್ಷದ ಎರಡನೇ ಸರದಿ, ಮೇ ತಿಂಗಳು, 2024 ಅಂತ ಅರ್ಥ. ಹೊಸ ಸರದಿ ಬಂದ ತಿಂಗಳಲ್ಲಿ ಹುಡುಕಿದರೆ ಸರಿಯಾದ ಬೆಲೆಗೆ ಸಿಗುವ ಸಾಧ್ಯತೆ ಹೆಚ್ಚು. ಹತ್ತಿರದ ಗುಡ್ಡದ ಮೇಲೆ ವಿಲ್ಲೆಟ್ ಡಿಸ್ಟಿಲರಿ ಇದೆ, ನೋಡಲು ಚೆಂದ. ಲೂಯಿವಿಲ್‌ಗೆ ನಾವು ಹೋಗಲಿಲ್ಲ. ಅಲ್ಲಿಯ ಓಲ್ಡ್ ಫಾರೆಸ್ಟರ್ ಡಿಸ್ಟಿಲರಿಯವರ ಬರ್ತ್‌ಡೇ ಬರ್ಬನ್ ಬೇಕಿದ್ದವರು ಸೆಪ್ಟೆಂಬರ್ 2ರ ಸುತ್ತ ಕಣ್ಣಿಟ್ಟಿರಿ.

ಇನ್ನು ಖಾಸಗಿ ಅಂಗಡಿಗಳ ಮಾತು. ಒಳಗೆ ಹೋಗಿ ನೇರ "ಬ್ಲಾಂಟನ್ಸ್ ಇದೆಯಾ?" ಅಂತ ಕೇಳಬೇಡಿ. ಅವರು ದಿನಕ್ಕೆ ಎಷ್ಟೋ ಸಲ ಕೇಳುವ ಪ್ರಶ್ನೆ ಅದು. 'ನಿಮ್ಮ ಸ್ಟೋರ್ ಪಿಕ್ ಯಾವುದಿದೆ?' ಅಂತ ಕೇಳಿ. ಅಂಗಡಿಯವರೇ ಡಿಸ್ಟಿಲರಿಯ ಪೀಪಾಯಿಗಳ ರುಚಿ ನೋಡಿ ಒಂದನ್ನು ಆರಿಸಿ ತಂದ ಬಾಟಲಿಗಳವು. ಮಾಮೂಲಿ ಬೆಲೆಗಿಂತ ಸ್ವಲ್ಪವೇ ಹೆಚ್ಚು ಇರುತ್ತದೆ. ಅವರಿಗೆ ಅದರ ಬಗ್ಗೆ ಮಾತಾಡುವುದೆಂದರೆ ಇಷ್ಟ. ಮಾತು ಬೆಳೆದರೆ ಒಳಗಿಂದ ಬೇರೆ ಬಾಟಲಿ ಬಂದರೂ ಬರಬಹುದು. 'ಈ ಅಪರೂಪದ್ದು ಬೇಕಾದರೆ ಜೊತೆಗೆ ಬೇರೆ ನಾಲ್ಕು ಬಾಟಲಿ ಕೊಳ್ಳಿ' ಅಂತ ಅಂಗಡಿಯವರು ಅಂದರೆ ಅಲ್ಲಿಂದ ಎದ್ದು ಬನ್ನಿ.

ಆನ್‌ಲೈನ್‌ನಲ್ಲಿ ಅಪರಿಚಿತರಿಂದ ಮಾತ್ರ ಕೊಳ್ಳಲೇಬೇಡಿ. ಲೈಸೆನ್ಸ್ ಇಲ್ಲದೆ ಮಾರುವುದು ಕಾನೂನುಬಾಹಿರ. ಖಾಲಿ ಪ್ಯಾಪಿ ಬಾಟಲಿಗೆ ಅಗ್ಗದ್ದು ತುಂಬಿ ಮತ್ತೆ ಮೊಹರು ಹಾಕಿದ ಪ್ರಕರಣಗಳಿವೆ. ಅಷ್ಟು ದುಡ್ಡು ಕೊಟ್ಟು ಮೋಸ ಹೋದರೆ ದೂರು ಕೊಡಲೂ ಬಾಯಿ ಬರಲ್ಲ.

ಕೆಂಟಕಿಗೆ ಹೋಗಲು ಆಗದವರಿಗೆ ಸರ್ಕಾರಿ ಬೆಲೆಯ ರಾಜ್ಯಗಳಿವೆ. ಒಟ್ಟು 17. ಒಹಾಯೋ, ಪೆನ್ಸಿಲ್ವೇನಿಯಾ, ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ ನಮ್ಮವರು ಜಾಸ್ತಿ ಇರುವ ಕಡೆ. ಒಹಾಯೋದಲ್ಲಿ ಅಂಗಡಿ ನಡೆಸುವವರು ಖಾಸಗಿಯವರೇ, ಆದರೆ ಬೆಲೆ ರಾಜ್ಯದ್ದು. ಯಾವ ಅಂಗಡಿಯಲ್ಲಿ ಯಾವುದಿದೆ ಅಂತ ಸರ್ಕಾರದ ವೆಬ್‌ಸೈಟಿನಲ್ಲೇ ನೋಡಬಹುದು. ಅಪರೂಪದ್ದಕ್ಕೆ ಲಾಟರಿ ಇಡುತ್ತಾರೆ, ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಗೆದ್ದರೂ ಬಾಟಲಿ ಉಚಿತ ಅಲ್ಲ, ಸರಿಯಾದ ಬೆಲೆಗೆ ಕೊಳ್ಳುವ ಅವಕಾಶ ಅಷ್ಟೇ. ನಾನು ಪ್ರತಿ ಸಲ ಹೆಸರು ಹಾಕುತ್ತೇನೆ. ಇಲ್ಲೇ ಇರುವವರು ಸುಮ್ನೆ ಹಾಕಿಬಿಡಿ, ಐದು ನಿಮಿಷದ ಕೆಲಸ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಗಾಡಿ ಓಡಿಸುವವರು ರುಚಿ ನೋಡುವುದಾದರೆ ಬಾಯಲ್ಲಿ ಆಡಿಸಿ ಉಗುಳಿಬಿಡಿ, ಅದಕ್ಕೆ ಲೋಟ ಕೇಳಿದರೆ ಕೊಡುತ್ತಾರೆ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಕೋರ್ಟು, ದಂಡ ಒಂದು ಕಡೆ. ಎಚ್-1ಬಿ, ವಿದ್ಯಾರ್ಥಿ ವೀಸಾದಲ್ಲಿ ಇರುವವರ ವೀಸಾವೇ ರದ್ದಾಗಬಹುದು. ಒಂದು ಗುಟುಕಿಗಾಗಿ ಕಟ್ಟಿಕೊಂಡ ಬದುಕನ್ನು ಪಣಕ್ಕಿಡಬೇಡಿ. ಕೊಂಡ ಬಾಟಲಿಗಳು ಮುಚ್ಚಿದಂತೆಯೇ ಡಿಕ್ಕಿಯಲ್ಲಿರಲಿ.

ಭಾವ ಎರಡು ಬಾಟಲಿ ಊರಿಗೆ ಒಯ್ದರು. ಭಾರತಕ್ಕೆ ತಲೆಗೆ 2 ಲೀಟರ್ ಸುಂಕವಿಲ್ಲದೆ ಒಯ್ಯಬಹುದು. 750 ಮಿಲಿ ಲೀಟರಿನ ಎರಡು ಸೇರಿ ಒಂದೂವರೆ ಲೀಟರ್, ಮೂರನೆಯದು ಇಟ್ಟರೆ ಮಿತಿ ದಾಟುತ್ತದೆ. ವಿಮಾನದಲ್ಲಿ ಚೆಕ್-ಇನ್ ಸೂಟ್‌ಕೇಸ್‌ನಲ್ಲೇ ಇಡಬೇಕು. 70 ಪರ್ಸೆಂಟ್ ಆಲ್ಕೋಹಾಲ್ ದಾಟಿದ ಬಾಟಲಿ ವಿಮಾನಕ್ಕೆ ಬಿಡುವುದೇ ಇಲ್ಲ. ಬ್ಯಾರೆಲ್ ಪ್ರೂಫ್ ಕೊಳ್ಳುವಾಗ ಅಂಕಿ ನೋಡಿ, 140 ಪ್ರೂಫ್ ಅಂದರೆ 70 ಪರ್ಸೆಂಟ್. 2025ರ ಫೆಬ್ರವರಿಯಲ್ಲಿ ಭಾರತ ಬರ್ಬನ್ ಮೇಲಿನ ಆಮದು ಸುಂಕವನ್ನು 150ರಿಂದ 100 ಪರ್ಸೆಂಟ್‌ಗೆ ಇಳಿಸಿದೆ. ಅದರ ಮೇಲೆ ರಾಜ್ಯದ ಅಬಕಾರಿ ಸುಂಕವೂ ಇರುವುದರಿಂದ ಬೆಂಗಳೂರಿನಲ್ಲಿ ಇನ್ನೂ ದುಬಾರಿಯೇ. ಹೀಗೆ ಒಯ್ದ ಬಾಟಲಿಗೆ ಅಲ್ಲಿ ಬೆಲೆ ಇದೆ. ಪಂಚೆ, ಟವಲ್ ಎರಡು ಸುತ್ತು ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೂಟ್‌ಕೇಸಿನ ನಡುವೆ ಇಟ್ಟೆವು. ಮನೆಗೆ ಹೋದ ಮೇಲೆ ನೆಟ್ಟಗೆ ನಿಲ್ಲಿಸಿಡಿ ಅಂತ ಹೇಳಿ ಕಳಿಸಿದ್ದೆ. ಮಲಗಿಸಿದರೆ ಕಾರ್ಕ್ ಕೆಡುತ್ತದೆ.

ದೀಪಾವಳಿ ಕಳೆದು ಫೋನ್ ಮಾಡಿದ್ದರು. ಬ್ಲಾಂಟನ್ಸ್ ತೆಗೆದಾಗಿದೆ, ಹಳೆಯ ಗೆಳೆಯರು ಐದು ಜನ ಸೇರಿ ಅರ್ಧ ಮುಗಿಸಿದರಂತೆ. "ಎಲ್ರೂ ರೇಟ್ ಎಷ್ಟು ಅಂತ ಕೇಳಿದ್ರು ಮಾರಾಯ. ಚೀಟಿ ತೋರಿಸ್ದೆ," ಎಂದರು. ಮುಚ್ಚಳದ ಕುದುರೆ ಮೊಮ್ಮಗಳ ಕೈ ಸೇರಿದೆ. ನನ್ನದು ಇಲ್ಲಿ ಕಪಾಟಿನಲ್ಲಿದೆ. ನನ್ನ 90 ದಿನ ಜನವರಿಯಲ್ಲಿ ಮುಗಿಯುತ್ತದೆ. ಆಗ ಸಾಲು ಚಿಕ್ಕದಿರುತ್ತದೆ, ಚಳಿ ಮಾತ್ರ ಜೋರು. ಆ ತಿಂಗಳಲ್ಲಿ ಹೋಗುವವರು ಕೈಗವಸು, ಎರಡು ಜೊತೆ ಕಾಲುಚೀಲ ಇಟ್ಟುಕೊಂಡು ಹೋಗಿ.