ಹೇಳೋಕೆ ಬರುವ ಸಿನಿಮಾ, ಹೇಳೋಕೆ ಬಾರದ ಸಿನಿಮಾ

ವರ್ಷದ ಹತ್ತು ಒಳ್ಳೆಯ ಸಿನಿಮಾ ಅಂತ ಪಟ್ಟಿ ಮಾಡುವಷ್ಟು ಸಿನಿಮಾ ನಾನು ನೋಡುವುದೇ ಇಲ್ಲ. ಶಿವಮೊಗ್ಗದಲ್ಲಿ ಕೆಲಸ. ಶನಿವಾರ ಸಂಜೆ ಬಿಡುವಾಗಿ, ಜೊತೆಗೆ ಯಾರಾದರೂ ಸಿಕ್ಕಿ, ಮಳೆಯೂ ಜಾಸ್ತಿ ಇಲ್ಲದಿದ್ದರೆ ಹೋಗುತ್ತೇನೆ. ಇಲ್ಲದಿದ್ದರೆ ಇಲ್ಲ. ಫಸ್ಟ್ ಡೇ ಫಸ್ಟ್ ಶೋ ಹುಚ್ಚು ಕಾಲೇಜಿನ ಜೊತೆಗೇ ಮುಗಿಯಿತು. ಅಂಥ ನನ್ನ ಕೈಲಿ 2023ರ ಕೊನೆಯ ದಿನ ಒಂದು ಪಟ್ಟಿ ಮಾಡಿಸಿದರು. ಅದೂ ಅಡಿಕೆ ಸುಲಿಯುವ ಚಪ್ಪರದ ಕೆಳಗೆ.

ಆ ಡಿಸೆಂಬರ್ 31 ಭಾನುವಾರ ಬಿದ್ದಿತ್ತು. ಆನಂದಪುರದ ಹತ್ತಿರದ ನಮ್ಮೂರಿನಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಜೋರಾಗಿತ್ತು. ಜೋರು ಅಂದರೆ ಕೆಲಸ ಜೋರು, ಫಸಲಲ್ಲ. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಎಲೆಚುಕ್ಕಿ ರೋಗ ಬೇರೆ. ಆದರೂ ಇದ್ದಷ್ಟು ಕೊನೆ ಇಳಿಸಲೇಬೇಕು, ಇಳಿಸಿದ್ದನ್ನು ತಡಮಾಡದೆ ಸುಲಿದು ಬೇಯಿಸಲೇಬೇಕು. ಅಣ್ಣ ಫೋನ್ ಮಾಡಿ, ಹೊಸ ವರ್ಷ ಎಲ್ಲಿ ಮಾಡಿದರೂ ಒಂದೇ, ಇಲ್ಲಿಗೇ ಬಾ ಅಂದ. ಸುಲಿಯೋಕೆ ಜನ ಸಾಲದು ಅಂತ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಸುಲಿಯುವ ಮೆಷಿನ್ ಈಗ ಎಲ್ಲ ಕಡೆ ಬಂದಿದೆ. ನಮ್ಮಲ್ಲಿ ಇನ್ನೂ ಮೆಟ್ಟುಗತ್ತಿಯೇ. ಒಂದು ಹಸಿ ಅಡಿಕೆ ತಗೊಂಡು, ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಬಂದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಕೈ ನಿಲ್ಲುವ ಹಾಗಿಲ್ಲ. ಬಾಯಿಗೆ ಮಾತ್ರ ಬಿಡುವು. ಚೊಗರು ಹತ್ತಿದ ಬೆರಳು ಕಪ್ಪಾಗಿ ಅಂಟಂಟಾಗಿರುತ್ತವೆ, ಮೊಬೈಲ್ ಮುಟ್ಟೋಕೂ ಆಗುವುದಿಲ್ಲ. ಇದ್ದ ಒಂದು ಬ್ಲೂಟೂತ್ ಸ್ಪೀಕರ್ ಚಾರ್ಜ್ ಮುಗಿದು ಸತ್ತಿತ್ತು. ಅಣ್ಣನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುವವ. ಸುಮ್ನೆ ಕೂರಲಾರದೆ ಕೇಳಿದ: "ಚಿಕ್ಕಪ್ಪ, ಈ ವರ್ಷ ನೀನು ನೋಡಿದ್ದರಲ್ಲಿ ಬೆಸ್ಟ್ ಯಾವುದು?"

ಹೆಸರು ಹೇಳಿದರೆ ಮುಗಿಯುವ ಪ್ರಶ್ನೆ. ಆದರೆ ಅಲ್ಲಿ ಕೂತಿದ್ದ ಹೆಚ್ಚಿನವರು ಆ ಸಿನಿಮಾಗಳನ್ನು ನೋಡಿರಲಿಲ್ಲ. ಹೆಸರು ಹೇಳಿದ ಕೂಡಲೇ "ಕಥೆ ಎಂತದಾ?" ಅನ್ನುತ್ತಿದ್ದರು. ಹೇಳದೆ ಬಿಡುವವರಲ್ಲ.

ಮೊದಲು 'ಡೇರ್‌ಡೆವಿಲ್ ಮುಸ್ತಾಫಾ' ಹೇಳಿದೆ. ಮೇ ತಿಂಗಳಲ್ಲಿ ಬಂದದ್ದು. ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ, ದುಡ್ಡು ಹಾಕಿದ್ದು ತೇಜಸ್ವಿ ಓದುಗರೇ. ಇದ್ಯಾವುದೂ ಚಪ್ಪರದ ಕೆಳಗೆ ಬೇಕಾಗಲಿಲ್ಲ. ಅಬಚೂರಿನ ಕಾಲೇಜಿಗೆ ಮುಸ್ತಾಫಾ ಅನ್ನುವ ಹುಡುಗ ಬಂದು ಸೇರುತ್ತಾನೆ, ಇಡೀ ಕಾಲೇಜಿಗೆ ಅವನೊಬ್ಬನೇ ಮುಸ್ಲಿಂ ಅಂದೆ. ರಾಮಾನುಜ ಅಯ್ಯಂಗಾರಿ ಮತ್ತವನ ಗುಂಪಿಗೆ ಅವನನ್ನು ಕಂಡರೆ ಇಲ್ಲದ ಗುಮಾನಿ, ಕೊನೆಗೆ ಎಲ್ಲ ಬಂದು ನಿಲ್ಲುವುದು ಕ್ರಿಕೆಟ್ ಮ್ಯಾಚಿಗೆ ಅಂದೆ. ಅಷ್ಟರಲ್ಲೇ ನಗು ಶುರುವಾಗಿತ್ತು. ಅಬಚೂರು ಎಲ್ಲಿದೆ ಅಂತ ಒಬ್ಬರೂ ಕೇಳಲಿಲ್ಲ. ಒಂದು ಪೇಟೆ, ಒಂದು ಕಾಲೇಜು, ಎಲ್ಲರ ಸುದ್ದಿ ಎಲ್ಲರಿಗೂ ಗೊತ್ತು ಅಂದರೆ ನಮ್ಮ ಆನಂದಪುರವೂ ಆಗಬಹುದು, ರಿಪ್ಪನ್‌ಪೇಟೆಯೂ ಆಗಬಹುದು. ಎಲ್ಲರಿಗಿಂತ ಜೋರಾಗಿ ಸುಲಿಯುತ್ತಿದ್ದ ಅಕ್ಕ ಒಬ್ಬರು, "ನಮ್ಮ ಹುಡುಗರ ಟೀಮಲ್ಲಿ ಜಾತಿ ಜಗಳ ಇಲ್ಲಪ್ಪ, ಯಾರು ಓಪನಿಂಗ್ ಅನ್ನೋದಕ್ಕೇ ಹೊಡೆದಾಟ" ಅಂದರು. ಅವರ ಮಗನ ಟೀಮಿನ ಬೌಲರ್ ಪೇಟೆಯ ಅಡಿಕೆ ಸಾಬರ ಹುಡುಗನಂತೆ.

ನನಗೆ ಆ ಸಿನಿಮಾ ಇಷ್ಟವಾದದ್ದು ಇದಕ್ಕೇ. ಹುಡುಗರ ದಡ್ಡತನವನ್ನು ನೋಡಿ ನಗುತ್ತದೆ, ಆದರೆ ಅವರನ್ನು ಕೆಟ್ಟವರು ಅಂತ ಎತ್ತಿ ಬಿಸಾಡುವುದಿಲ್ಲ. ಆ ವರ್ಷ ಈ ವಿಷಯದ ಮೇಲೆ ಗಂಟಲು ಹರಿದುಕೊಂಡವರನ್ನೆಲ್ಲ ಟಿವಿಯಲ್ಲಿ ನೋಡಿ ಸಾಕಾಗಿತ್ತು. ಮ್ಯಾಚ್ ಸ್ವಲ್ಪ ಉದ್ದ ಆಯಿತು, ಇರಲಿ. ನಮ್ಮೂರ ಮ್ಯಾಚುಗಳೂ ಬೇಗ ಮುಗಿಯುವುದಿಲ್ಲ.

'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಹೇಳುವ ಕೆಲಸ ಅಣ್ಣನ ಮಗನೇ ತಗೊಂಡ. ಜುಲೈ 21ಕ್ಕೆ ಬಂದ ಸಿನಿಮಾ. ಅವತ್ತೇ 'ಓಪನ್‌ಹೈಮರ್' ಕೂಡ ಬಂದಿತ್ತು, ಗೆಳೆಯರೆಲ್ಲ ಅದರ ಟಿಕೆಟ್‌ಗೆ ಬಿದ್ದಾಡುತ್ತಿದ್ದರೆ ಇವನು ಇದಕ್ಕೆ ಹೋದನಂತೆ. ಒಂದು ರಾತ್ರಿ, ಒಂದು ಹಾಸ್ಟೆಲ್, ಸತ್ತು ಬಿದ್ದ ವಾರ್ಡನ್, ಹೆಣವನ್ನು ಏನು ಮಾಡುವುದು ಅಂತ ಗೊತ್ತಾಗದ ಹುಡುಗರು. ಇವನು ಎದ್ದು ನಿಂತು ಅಭಿನಯ ಬೇರೆ ಮಾಡಿದ. ಸಾಗರದ ದಿಗಂತ್ ಕೂಡ ಒಂದು ಕಡೆ ಬರುತ್ತಾರೆ ಅಂದಾಗ ಮಾತ್ರ ಎಲ್ಲರ ಕಿವಿ ನೆಟ್ಟಗಾಯಿತು. ಉಳಿದಂತೆ ಹೆಂಗಸರಿಗೆ ಹಿಡಿಸಲಿಲ್ಲ. "ಸತ್ತವನನ್ನ ಇಟ್ಕೊಂಡು ಎಂತ ನಗೆಯಾ" ಅಂದರು. ನಾನು ಇದನ್ನು ಶಿವಮೊಗ್ಗದಲ್ಲಿ ನೋಡಿದ್ದೆ. ಥಿಯೇಟರ್ ತುಂಬ ಹುಡುಗರು, ಅರ್ಧ ಡೈಲಾಗ್ ಕೇಳಿಸಲೇ ಇಲ್ಲ, ಓಡುವ ಕ್ಯಾಮೆರಾ ನೋಡಿ ತಲೆನೋವು ಬೇರೆ. ಆದರೂ ಮಜಾ ಬಂದಿತ್ತು. ಪಟ್ಟಿಯಲ್ಲಿ ಕೆಳಗೆಲ್ಲೋ ಇರಲಿ ಅಂದೆ.

ಅತ್ತಿಗೆ ಚಹಾ ತಂದವರು ತಮ್ಮ ವೋಟು 'ಆಚಾರ್ ಅಂಡ್ ಕೋ'ಗೆ ಅಂದರು. ಸಿಂಧು ಶ್ರೀನಿವಾಸಮೂರ್ತಿ ನಿರ್ದೇಶನ ಮಾಡಿ, ತಾವೇ ಮುಖ್ಯ ಪಾತ್ರದಲ್ಲೂ ಇರುವ ಸಿನಿಮಾ. ಹಳೇ ಬೆಂಗಳೂರು, ಹತ್ತು ಮಕ್ಕಳ ಸಂಸಾರ. ಹತ್ತು ಅಂದಿದ್ದಕ್ಕೆ ಯಾರಿಗೂ ಆಶ್ಚರ್ಯ ಆಗಲಿಲ್ಲ. ನಮ್ಮ ದೊಡ್ಡಜ್ಜಿಗೆ ಎಷ್ಟು, ಅವರ ತಂಗಿಗೆ ಎಷ್ಟು ಅಂತ ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಸಿನಿಮಾ ಮರೆತೇ ಹೋಯಿತು. ನಾನೂ ನೋಡಿರಲಿಲ್ಲ, ಸುಮ್ಮನಿದ್ದೆ. 'ಜೈಲರ್' ಹೆಸರು ಎತ್ತಿದವರು ಕಥೆ ಹೇಳಲೇ ಇಲ್ಲ, ಶಿವಣ್ಣ ನಡೆದು ಬರುವುದನ್ನಷ್ಟೇ ಹೇಳಿದರು. ಅದು ಸರಿಯಾಗೇ ಇತ್ತು.

ಆಮೇಲೆ ಬಂತು 'ಕಾಟೇರ'. ಬಿಡುಗಡೆಯಾಗಿ ಮೂರನೇ ದಿನ, ನಮ್ಮೂರ ಹುಡುಗರು ಆಗಲೇ ಶಿವಮೊಗ್ಗಕ್ಕೆ ಹೋಗಿ ನೋಡಿಕೊಂಡು ಬಂದಿದ್ದರು. ನಾನು ಶನಿವಾರ ನೋಡಿದ್ದೆ. ದರ್ಶನ್ ಸಿನಿಮಾ ಅಂದರೆ ಫೈಟು, ಸೀಟಿ ಅಂದುಕೊಂಡೇ ಹೋಗಿದ್ದು. ಅವೆಲ್ಲ ಇದ್ದವು, ಜಾಸ್ತಿಯೇ ಇದ್ದವು. ಆದರೆ ಕಥೆಯ ನಡು ಇದ್ದದ್ದು ಗೇಣಿಯಲ್ಲಿ, ಅಂದರೆ ಉಳುವವರು ಭೂಮಿಯ ಒಡೆಯರಿಗೆ ಅಳೆದು ಕೊಡಬೇಕಾದ ಪಾಲಿನಲ್ಲಿ. ಎಪ್ಪತ್ತರ ದಶಕ, ಉಳುವವನೇ ಹೊಲದೊಡೆಯ ಅನ್ನುವ ಕಾನೂನು, ಭೂಮಿ ಬಿಡಲೊಪ್ಪದ ಜಮೀನ್ದಾರರು, ಕುಲುಮೆಯಲ್ಲಿ ಕೆಲಸ ಮಾಡುವ ಕಾಟೇರ.

ಹುಡುಗನೊಬ್ಬ ಒಂದೊಂದೇ ಫೈಟು ಬಿಡಿಸಿ ಹೇಳುತ್ತಿದ್ದ. ಗೇಣಿ ಅನ್ನುವ ಮಾತು ಬಂತು ನೋಡಿ, ಮೂಲೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ ಅಜ್ಜ ಕೈ ನಿಲ್ಲಿಸಿದರು. ಎಂಬತ್ತರ ಹತ್ತಿರದ ವಯಸ್ಸು. ಅಲ್ಲಿವರೆಗೆ ಒಂದು ಮಾತೂ ಆಡಿರಲಿಲ್ಲ. "ಕೊಳಗದ ಸುದ್ದಿ ಇದೆಯನಾ ಅದ್ರಲ್ಲಿ?" ಅಂತ ಕೇಳಿದರು. ಹುಡುಗನಿಗೆ ಕೊಳಗ ಅಂದರೇ ಗೊತ್ತಿಲ್ಲ. ಮುಂದಿನ ಕಥೆ ಅಜ್ಜನದೇ ಆಯಿತು.

ಕಾಗೋಡು ನಮ್ಮದೇ ಸಾಗರ ತಾಲ್ಲೂಕು. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತದ್ದು, ಗಣಪತಿಯಪ್ಪ ಮುಂದೆ ನಿಂತದ್ದು, ಲೋಹಿಯಾ ಬಂದು ಅರೆಸ್ಟಾದದ್ದು ಎಲ್ಲ ನಾನು ಓದಿ ತಿಳಿದದ್ದು. ಅಜ್ಜನ ಬಾಯಲ್ಲಿ ಆ ಹೆಸರುಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ಕೊಳಗ. ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯ ಕೊಳಗ ದೊಡ್ಡದು, ಸಾಲ ಕೊಡುವಾಗ ಹೊರಗೆ ಬರುವ ಕೊಳಗ ಚಿಕ್ಕದು. ಅಳೆದು ಮುಗಿದ ಮೇಲೆ ಕಣದಲ್ಲಿ ಉಳಿದದ್ದನ್ನು ಅವರ ಅಮ್ಮ ಅಡಿಕೆ ಹಾಳೆಯಲ್ಲಿ ಗುಡಿಸಿ ತುಂಬುತ್ತಿದ್ದರಂತೆ, ಮಣ್ಣಿನ ಸಮೇತ. ಅಜ್ಜ ಎರಡೂ ಕೈಯಿಂದ ಗಾಳಿಯಲ್ಲೇ ಕೊಳಗದ ಬಾಯಿಯ ಅಗಲ ತೋರಿಸಿದರು. ಬಲಗೈಯಲ್ಲಿ ಅರ್ಧ ಸುಲಿದ ಅಡಿಕೆ ಹಾಗೇ ಇತ್ತು. ಆಮೇಲೆ 1974ರ ಕಾನೂನು, ಉಳುತ್ತಿದ್ದ ಭೂಮಿ ತಮಗೆ ಸೇರಬೇಕು ಅಂತ ಅಪ್ಪ ಡಿಕ್ಲರೇಷನ್ ಹಾಕಿದ್ದು, ಟ್ರಿಬ್ಯೂನಲ್‌ಗೆ ಅಲೆದದ್ದು. ಡಿಕ್ಲರೇಷನ್ ಹಾಕಿದ ದಿನದಿಂದ ಒಡೆಯರ ಮನೆಯವರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು, ಆದರೆ ಅವರ ಮನೆಯ ಮದುವೆಗೆ ಮಾತ್ರ ಇವರು ಹೋದರಂತೆ. "ಹೋಗದೆ ಇರೋಕಾಗ್ತದಾ?" ಅಂದರು. ನಮ್ಮ ಅಣ್ಣ ಆಗ ಬುಟ್ಟಿ ಎತ್ತಿಡುವ ನೆವದಲ್ಲಿ ಎದ್ದು ಒಳಗೆ ಹೋದ. ನಮ್ಮ ಮನೆಯವರು ಗೇಣಿ ಭತ್ತ ಅಳೆದು ಕೊಟ್ಟವರಲ್ಲ, ಅಳೆಸಿ ತಗೊಂಡವರು.

ಅಜ್ಜನ ಮಗಳು ಪಕ್ಕದಲ್ಲೇ ಇದ್ದರು. "ಅಪ್ಪಯ್ಯ, ಡಬ್ಬ ತುಂಬಲಿಲ್ಲ ನಿಂದು" ಅಂತ ಗದರಿದರು. ಕಥೆ ಅಲ್ಲಿಗೆ ನಿಂತಿತು.

ಥಿಯೇಟರಿನಲ್ಲಿ 'ಕಾಟೇರ' ನನಗೆ ಪರವಾಗಿಲ್ಲ ಅನಿಸಿತ್ತು. ಅಜ್ಜನ ಮಾತು ಕೇಳಿದ ಮೇಲೆ ಅದು ಎರಡು ಮೆಟ್ಟಿಲು ಮೇಲೆ ಹೋಯಿತು. ಇದು ಸಿನಿಮಾದ ಹೆಚ್ಚುಗಾರಿಕೆಯಾ, ಅಜ್ಜನದಾ ಅಂತ ಅಣ್ಣನ ಮಗ ವಾದ ತೆಗೆದ. ನನ್ನ ಪಟ್ಟಿ, ನನ್ನಿಷ್ಟ. ಅಷ್ಟು ದೊಡ್ಡ ಹೀರೋ ಸಿನಿಮಾ ಗೇಣಿಯ ಮಾತು ಎತ್ತದಿದ್ದರೆ ಅಜ್ಜ ಅವತ್ತೂ ಬಾಯಿ ಬಿಡುತ್ತಿರಲಿಲ್ಲ.

ಕೊನೆಗೆ ನನ್ನ ಸರದಿ. ಮೊದಲ ಸ್ಥಾನ ಯಾವುದಕ್ಕೆ ಅಂತ ಒಳಗೊಳಗೇ ಗೊತ್ತಿತ್ತು, ಹೇಳೋಕೆ ಹಿಂಜರಿಕೆ. 'ಸಪ್ತ ಸಾಗರದಾಚೆ ಎಲ್ಲೋ', ಸೈಡ್ ಎ, ಅಂದರೆ ಅದರ ಮೊದಲ ಭಾಗ. ಹೇಮಂತ್ ರಾವ್ ಸಿನಿಮಾ, ರಕ್ಷಿತ್ ಶೆಟ್ಟಿ, ರುಕ್ಮಿಣಿ ವಸಂತ್. ಸೆಪ್ಟೆಂಬರ್ 1ಕ್ಕೆ ಬಂದು ತಿಂಗಳು ತುಂಬುವುದರೊಳಗೆ ಪ್ರೈಮ್‌ಗೂ ಬಂದುಬಿಟ್ಟಿತು. ಹೆಸರು ಕೇಳಿದ ಕೂಡಲೇ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು, "ಅದು ಅಡಿಗರ ಸಾಲು" ಅಂದರು. ಗೋಪಾಲಕೃಷ್ಣ ಅಡಿಗರು ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು. ಆ ಕಾಲದ ಸುದ್ದಿ ಎತ್ತಿದರೆ ಮೇಷ್ಟ್ರನ್ನು ನಿಲ್ಲಿಸುವುದು ಕಷ್ಟ. ಹೇಗೋ ನಿಲ್ಲಿಸಿ ಕಥೆ ಶುರು ಮಾಡಿದೆ.

ಮನು ಅಂತ ಒಬ್ಬ ಡ್ರೈವರ್. ಪ್ರಿಯಾ ಅಂತ ಹಾಡುವ ಹುಡುಗಿ. ಅವಳಿಗೆ ಸಮುದ್ರದ ಹತ್ತಿರ ಮನೆ ಬೇಕು. ಸಾಹುಕಾರನ ಮಗ ಕಾರಲ್ಲಿ ಯಾರಿಗೋ ಗುದ್ದುತ್ತಾನೆ. ದುಡ್ಡು ಸಿಗುತ್ತದೆ, ಬೇಗ ಬಿಡಿಸುತ್ತಾರೆ ಅಂತ ನಂಬಿ ಮನು ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬಿಡಿಸಬೇಕಾದ ಸಾಹುಕಾರ ಸತ್ತೇ ಹೋಗುತ್ತಾನೆ. ಇವನು ಒಳಗೇ ಉಳಿಯುತ್ತಾನೆ.

ಎಲ್ಲರೂ ಮುಂದೆ ಏನು ಅಂತ ಕಾದರು. ಮುಂದೆ ಏನೂ ಇಲ್ಲ, ಅವಳು ಕಾಯುತ್ತಾಳೆ ಅಂದೆ. "ಅಷ್ಟೇಯಾ?" ಅಂದರು ಅಕ್ಕ.

ಅಷ್ಟೇ. ಆ ಎರಡೂಕಾಲು ಗಂಟೆಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದನ್ನು ಹೇಗೆ ಹೇಳುವುದು? ಜೈಲಿನಲ್ಲಿ ಭೇಟಿಯ ಹೊತ್ತು. ಆಚೆ ಅವನು, ಈಚೆ ಅವಳು. ಅಲ್ಲಿ ಆಡುವ ಮಾತು ಮುಖ್ಯವೇ ಅಲ್ಲ, ಆಡದೆ ನುಂಗಿಕೊಂಡ ಮಾತು ರುಕ್ಮಿಣಿ ವಸಂತ್ ಮುಖದಲ್ಲಿ ಕಾಣುತ್ತದೆ. ಚರಣ್ ರಾಜ್ ಸಂಗೀತ, ತೆರೆ ತುಂಬ ನೀಲಿ. ಇದನ್ನು ಅಲಗಿನ ಮುಂದೆ ಕೂತವರಿಗೆ ಏನಂತ ಹೇಳಲಿ? ಅವಳ ಕಣ್ಣು ಚೆನ್ನಾಗಿತ್ತು ಅಂದೆ. ಹುಡುಗರು ಕೇಕೆ ಹಾಕಿದರು. ಅಣ್ಣನ ಮಗ ನನ್ನ ಸಹಾಯಕ್ಕೆ ಬಂದು ಎರಡು ದೃಶ್ಯ ಹೇಳಿದ, ಅವೂ ಹಾಗೇ ಬಿದ್ದವು. ಮುಸ್ತಾಫಾ ಗೆದ್ದ ಜಾಗದಲ್ಲಿ, ಕಾಟೇರ ಗೆದ್ದ ಜಾಗದಲ್ಲಿ ಮನು, ಪ್ರಿಯಾ ಇಬ್ಬರೂ ಸೋತರು. ಆದರೂ ನಾನು ಪಟ್ಟಿ ಬದಲಿಸಲಿಲ್ಲ. ಹೇಳೋಕೆ ಬರುವ ಕಥೆಯಾದರೆ ಯಾರಾದರೂ ಹೇಳಿದ್ದು ಕೇಳಿದರೂ ಅರ್ಧ ಸಿಗುತ್ತದೆ. ಇದು ಸಿಗಬೇಕಾದರೆ ಕತ್ತಲಲ್ಲಿ ಕೂತು ನೋಡಲೇಬೇಕಿತ್ತು.

ಅಕ್ಕ ಬಿಡಲಿಲ್ಲ. ಇನ್ನೊಂದು ಬುಟ್ಟಿ ಸುಲಿದಾದ ಮೇಲೆ, "ಅವ ಜೈಲಿಂದ ಬಂದ್ನಾ?" ಅಂತ ಕೇಳಿದರು. ಅದು ಸೈಡ್ ಬಿ. ನವೆಂಬರಲ್ಲಿ ಬಂದದ್ದು. ಬಂದ, ಅವಳಿಗೆ ಮದುವೆಯಾಗಿ ಮಗು ಇತ್ತು, ಇವನು ದೂರದಿಂದ ಅವಳನ್ನು ನೋಡುತ್ತಾ ಹಿಂದೆ ಹಿಂದೆ ಸುತ್ತಿದ ಅಂದೆ.

"ಅವಳು ಮದುವೆಯಾಗಿದ್ದು ಸರಿಯೇ ಆಯ್ತು. ಇವ ಹಿಂದೆ ಹೋಗೋದು ಎಂತಕ್ಕೆ?"

ನನ್ನ ತಕರಾರೂ ಅದೇ ಆಗಿತ್ತು. ಚೈತ್ರಾ ಆಚಾರ್ ಚೆನ್ನಾಗಿ ಮಾಡಿದ್ದರೂ ಸೈಡ್ ಬಿ ನನಗೆ ಹತ್ತಲಿಲ್ಲ. ಹಾಗಾಗಿ ಒಂದನೇದು ಸೈಡ್ ಎ, ಆಮೇಲೆ ಮುಸ್ತಾಫಾ, ಆಮೇಲೆ ಅಜ್ಜನ ಕಾಟೇರ, ಕೊನೆಗೆ ಹಾಸ್ಟೆಲ್ ಹುಡುಗರು ಅಂತ ಮುಗಿಸಿದೆ. ಅಣ್ಣನ ಮಗ ಒಪ್ಪಲಿಲ್ಲ. ಎ, ಬಿ ಎರಡೂ ಸೇರಿ ಒಂದೇ ಸಿನಿಮಾ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡೋದು ಮೋಸ ಅಂದ. ಇರಬಹುದು. ಆದರೆ ಟಿಕೆಟ್ ಎರಡು ತಗೊಂಡಿದ್ದೆನಲ್ಲ.