ಕೆಸರಿನೊಳಗೆ ಬೇರಿನ ಉಸಿರು

ಸಿಂಧನೂರಿನಿಂದ ಗಂಗಾವತಿಗೆ ಬರುವ ದಾರಿಯುದ್ದಕ್ಕೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳನ್ನು ನೋಡುತ್ತಿದ್ದಾಗ, ಕೆಸರಿನಲ್ಲಿ ಮುಳುಗಿದ ಆ ಬೇರಿನ ಜೀವಕೋಶಗಳಿಗೆ ಆಮ್ಲಜನಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಮನಸ್ಸನ್ನು ಹಿಡಿದು ನಿಲ್ಲಿಸಿತು.

ಆಮ್ಲಜನಕ ಕೋಶಪೊರೆಯನ್ನು ದಾಟುವುದಕ್ಕೆ ಜೀವಕೋಶ ಯಾವ ಶಕ್ತಿಯನ್ನೂ ವ್ಯಯಿಸಬೇಕಿಲ್ಲ; ಹೊರಗೆ ಸಾಂದ್ರತೆ ಹೆಚ್ಚಾಗಿ, ಒಳಗೆ ಬಳಕೆಯಾಗಿ ಕಡಿಮೆ ಇರುವವರೆಗೂ ಅದು ತಾನಾಗಿಯೇ ಒಳಗೆ ಸಾಗುತ್ತದೆ, ಇಂಗಾಲದ ಡೈಆಕ್ಸೈಡ್ ಅದೇ ನಿಯಮದಂತೆ ಹೊರಗೆ ಬರುತ್ತದೆ. ಈ ವಿಸರಣೆಗೆ 1855ರಲ್ಲಿ ಜರ್ಮನ್ ಶರೀರಕ್ರಿಯಾ ವಿಜ್ಞಾನಿ ಅಡಾಲ್ಫ್ ಫಿಕ್ ಗಣಿತದ ರೂಪ ಕೊಟ್ಟರು. ಆದರೆ ದೂರ ಎರಡು ಪಟ್ಟಾದರೆ ಬೇಕಾಗುವ ಸಮಯ ನಾಲ್ಕು ಪಟ್ಟಾಗುತ್ತದೆ. ಜೀವಕೋಶಗಳು ಅಷ್ಟೊಂದು ಸಣ್ಣವಾಗಿರುವುದಕ್ಕೆ ಇದೂ ಒಂದು ಕಾರಣ. ಅದರ ಮೇಲೆ, ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ನಮ್ಮ ತೊಗರಿಯನ್ನು ಹೀಗೆ ನೀರಿನಲ್ಲಿ ನಿಲ್ಲಿಸಿದರೆ ಅದು ಉಳಿಯುವುದಿಲ್ಲ.

ಭತ್ತ ಕಂಡುಕೊಂಡ ದಾರಿ ನನಗೆ ನಿಜಕ್ಕೂ ಅಚ್ಚರಿ ತರುತ್ತದೆ. ಬುಡದ ಹತ್ತಿರ ಅಡ್ಡಲಾಗಿ ಕತ್ತರಿಸಿ ಬೆಳಕಿಗೆ ಹಿಡಿದರೆ ಸಾಲುಸಾಲಾಗಿ ಪೊಳ್ಳುಗಳು ಕಾಣುತ್ತವೆ. ಎಲೆಯಿಂದ ಬೇರಿನ ತುದಿಯವರೆಗೂ ಆಮ್ಲಜನಕ ಆ ಪೊಳ್ಳಿನ ಗಾಳಿಯಲ್ಲಿಯೇ ವೇಗವಾಗಿ ಹರಡಿಕೊಂಡು ಇಳಿದು, ನೀರಿನ ಕಿರಿದಾದ ಕೊನೆಯ ಹಾದಿಯನ್ನು ಮಾತ್ರ ನಿಧಾನವಾಗಿ ದಾಟಿ ಜೀವಕೋಶವನ್ನು ಸೇರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಬೇರಿನಿಂದ ಕೆಸರಿಗೂ ಸೋರಿ ಅಲ್ಲಿರುವ ಕಬ್ಬಿಣದೊಡನೆ ಸೇರುವುದರಿಂದಲೇ, ಗದ್ದೆಯಿಂದ ಕಿತ್ತ ಭತ್ತದ ಬೇರು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ.